ಪೀಠದ ಮೇಲೆ, ಪೀಠದ ಕೆಳಗೆ

ಹಳೆಯ ನಗರಗಳ ಫೋಟೊ ನೋಡುವುದು ನನಗೆ ಬಿಡಲಾಗದ ಗೀಳು. ಡಲ್ಲಾಸ್ ಕಡೆ ಮನೆ ಮಾಡಿದ ಮೇಲೆ ಅದಕ್ಕೆ ಹುಲುಸಾದ ಮೇವು ಸಿಕ್ಕಿತು: ಉತ್ತರ ಟೆಕ್ಸಸ್ ವಿಶ್ವವಿದ್ಯಾಲಯದ ಗ್ರಂಥಾಲಯ ನಡೆಸುವ ‘ಪೋರ್ಟಲ್ ಟು ಟೆಕ್ಸಸ್ ಹಿಸ್ಟರಿ’. ರಾತ್ರಿ ಊಟವಾದ ಮೇಲೆ ಒಂದು ಚಿತ್ರ ತೆರೆದು ಹಿಗ್ಗಿಸುತ್ತ ಹೋದರೆ ಅಂಗಡಿಯ ಬೋರ್ಡು, ಕುದುರೆಗಾಡಿ, ಟ್ರಾಮ್ ಹಳಿ ಒಂದೊಂದೇ ಎದ್ದುಬರುತ್ತವೆ. ನನ್ನ ಕಣ್ಣು ಮಾತ್ರ ಮೊದಲು ಪ್ರತಿಮೆಯನ್ನು ಹುಡುಕುತ್ತದೆ, ಆಮೇಲೆ ಅದರ ಬುಡದಲ್ಲಿ ಯಾರಿದ್ದಾರೆಂದು ನೋಡುತ್ತದೆ.

ಎಲ್ಲಕ್ಕಿಂತ ಪ್ರಿಯವಾದದ್ದು 1888ರ ಆಸ್ಟಿನ್ ಚಿತ್ರ. ಟೆಕ್ಸಸ್‌ನ ಶಾಸನಭವನವಾದ ಕ್ಯಾಪಿಟಲ್‌ನ ಗುಮ್ಮಟದ ತುದಿಗೇರಿಸುವ ಮುನ್ನ ಸ್ವಾತಂತ್ರ್ಯದೇವಿಯನ್ನು ಅಂಗಳದಲ್ಲಿ ನಿಲ್ಲಿಸಿ, ಕೆಲಸಗಾರರು ಜೊತೆಗೆ ನಿಂತು ತೆಗೆಸಿಕೊಂಡದ್ದು. ಸುಮಾರು 16 ಅಡಿಯ ಸತುವಿನ ಮೂರ್ತಿ. ಮುಖ ಒರಟು: ದಪ್ಪ ಮೂಗು, ಗುಳಿಬಿದ್ದ ಕಣ್ಣು, ಗಟ್ಟಿ ದವಡೆ. ಸುಮಾರು 300 ಅಡಿ ಕೆಳಗೆ ನಿಂತವರಿಗೂ ಕಾಣಲೆಂದೇ ಹಾಗೆ ಮಾಡಿದ್ದು. ಊರಿನವರು ಕತ್ತೆತ್ತಿ ಮಾತ್ರ ನೋಡಬೇಕಾಗಿದ್ದ ದೇವಿಯ ಮುಖವನ್ನು ಆ ಕೂಲಿಯಾಳುಗಳು ಹತ್ತಿರದಿಂದ ಕಂಡರು. ಕ್ಯಾಮೆರಾ ಅದನ್ನು ನಮಗೂ ಉಳಿಸಿಕೊಟ್ಟಿತು. ಆ ಕಟ್ಟಡದ ಕೆಂಪು ಗ್ರಾನೈಟ್ ಕಡಿದವರಲ್ಲಿ ಸೆರೆಯಾಳುಗಳೂ ಇದ್ದರೆಂಬುದು ನೆನಪಾದಾಗ, ಸ್ವಾತಂತ್ರ್ಯ ಎಂಬ ಹೆಸರು ಎದೆಗೆ ನಾಟುತ್ತದೆ. 1985ರಲ್ಲಿ ಮೂಲ ಮೂರ್ತಿಯನ್ನು ಇಳಿಸಿ, ಮರುವರ್ಷ ಅಲ್ಯೂಮಿನಿಯಂ ಪ್ರತಿಯನ್ನು ಹೆಲಿಕಾಪ್ಟರ್‌ನಲ್ಲಿ ಏರಿಸಿದರು. ಹಳೆಯವಳು ಈಗ ಆಸ್ಟಿನ್ನಿನ ಬುಲಕ್ ಮ್ಯೂಸಿಯಂನಲ್ಲಿದ್ದಾಳೆ.

ಇನ್ನು ಕೆಲವು ಚಿತ್ರಗಳಲ್ಲಿ ಕಾಣುವ ಡಲ್ಲಾಸ್‌ನ ಕಾನ್ಫೆಡರೇಟ್ ಸ್ಮಾರಕವನ್ನೂ ಹ್ಯೂಸ್ಟನ್‌ನಲ್ಲಿದ್ದ ಕಾನ್ಫೆಡರೇಟ್ ಸೇನಾಧಿಕಾರಿ ಡಿಕ್ ಡೌಲಿಂಗ್ ಪ್ರತಿಮೆಯನ್ನೂ ಮಾಡಿದವನು ಜರ್ಮನಿಯಿಂದ ಬಂದ ಶಿಲ್ಪಿ ಫ್ರಾಂಕ್ ಟೈಕ್. ಅಮೆರಿಕದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಡಲ್ಲಾಸ್ ಸ್ಮಾರಕ ಎದ್ದದ್ದು 1890ರ ದಶಕದಲ್ಲಿ, ಡೌಲಿಂಗ್ ನಿಂತದ್ದು 1905ರಲ್ಲಿ. ಹಾಗಾಗಿ ಆ ಚಿತ್ರಗಳು ಯುದ್ಧಕ್ಕಿಂತ ಹೆಚ್ಚಾಗಿ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಕಾದಾಡಿ ಸೋತ ಪಕ್ಷವನ್ನು ಮೂರು ನಾಲ್ಕು ದಶಕಗಳ ನಂತರವೂ ಮೆರೆಸಲು ಹೊರಟ ಊರುಗಳ ಕಥೆ ಹೇಳುತ್ತವೆ. 2020ರ ಜೂನ್‌ನಲ್ಲಿ ಎರಡನ್ನೂ ತೆಗೆದರು. ತೆಗೆದದ್ದು ಸರಿ ಎಂಬುದೇ ನನ್ನ ಅಭಿಪ್ರಾಯ; ಆದರೆ ಫೋಟೊಗಳು ಉಳಿಯಲೇಬೇಕು, ಅವೇ ಸಾಕ್ಷಿ. ಅದೇ ತಿಂಗಳು ಬೆಂಗಳೂರಿನ ಹೈಕೋರ್ಟ್ ಇರುವ ಅಠಾರಾ ಕಚೇರಿಯ ಬಳಿಯಿದ್ದ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಪ್ರತಿಮೆಯೂ ಜಾಗ ಬಿಟ್ಟು ಕಬ್ಬನ್ ಪಾರ್ಕಿನೊಳಕ್ಕೆ ಸರಿಯಿತು. ಕಾರಣ ಬೇರೆ, ಆದರೂ ಅದು ಮೊದಲು ಎಲ್ಲಿತ್ತೆಂದು ಮುಂದೆ ತೋರಿಸುವುದು ಹಳೆಯ ಚಿತ್ರಗಳೇ.

ನಿಮ್ಮ ಮನೆಯ ಆಲ್ಬಮ್ಮಿನಲ್ಲೂ ಯಾವುದೋ ಪ್ರತಿಮೆಯ ಮುಂದೆ ಅಜ್ಜಿ, ಚಿಕ್ಕಪ್ಪ ನಿಂತಿರಬಹುದು. ದಯವಿಟ್ಟು ಆ ಫೋಟೊದ ಬೆನ್ನಿಗೆ ಪೆನ್ಸಿಲ್‌ನಲ್ಲಿ ಊರು, ವರ್ಷ, ನಿಂತವರ ಹೆಸರು ಬರೆದಿಡಿ.