ಸಿದ್ಧಾರ್ಥನಗರದ ಕಡಲ ತೊಟ್ಟಿ

ಮೈಸೂರು ಪಟ್ಟಣದ ಮೂಡಲ ಭಾಗದಲ್ಲಿ, ಚಾಮುಂಡಿಬೆಟ್ಟವು ಕಣ್ಣೆದುರಿಗೆ ಕಾಣುವಂತೆ, ಸಿದ್ಧಾರ್ಥನಗರವೆಂಬ ಬಡಾವಣೆಯಿರುವುದು. ಕಾರಂಜಿಕೆರೆಯ ದಡದಲ್ಲಿ 1995ರಲ್ಲಿ ತೆರೆದ ಪ್ರಾಕೃತಿಕ ಇತಿಹಾಸದ ಪ್ರಾದೇಶಿಕ ವಸ್ತುಸಂಗ್ರಹಾಲಯವು ಇಲ್ಲಿಯೇ ಇದೆ. ಲಲಿತಮಹಲ್ ಅರಮನೆಯೂ ದೂರವಲ್ಲ. ಕೆರೆಯ ನಡುಗಡ್ಡೆಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಕುಳಿತಿರುವುದನ್ನು ನೋಡುತ್ತ ನಿಂತವರಿಗೆ ಸಮುದ್ರದ ನೆನಪು ಬರಲು ಕಾರಣವೇ ಇಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 770 ಮೀಟರು ಎತ್ತರದಲ್ಲಿದೆ. ಮಂಗಳೂರಿಗೆ ಇಲ್ಲಿಂದ ಸುಮಾರು 250 ಕಿಲೋಮೀಟರು ದಾರಿ. ಆದರೂ ಈ ಬಡಾವಣೆಯ ಒಂದು ಮನೆಯ ಪಡಸಾಲೆಯಲ್ಲಿ ನಾವು ಸಮುದ್ರವನ್ನು ಕಂಡೆವು. ಅದರ ಪ್ರಮಾಣ 200 ಲೀಟರು.

ಮನೆಯ ಯಜಮಾನರು ನಮ್ಮ ಹಳೆಯ ಪರಿಚಿತರು. ಅವರ ಗಾಜಿನ ತೊಟ್ಟಿಯಲ್ಲಿ ಬಿಳಿಯ ಪಟ್ಟೆಗಳುಳ್ಳ ಕಿತ್ತಳೆಬಣ್ಣದ ಮೀನುಗಳು, ಕೆಲವು ಕಡಲ ಬಸವನಹುಳುಗಳು, ನಸುಗೆಂಪಾದ ಸುಣ್ಣದ ಪಾಚಿ ಹತ್ತಿದ ಬಂಡೆಗಳು ಇರುವುವು. ನೀರು ಕಡಲಿನಿಂದ ತಂದುದಲ್ಲ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಉಂಟು; ಕೊಳವೆಬಾವಿಯ ನೀರು ಗಡಸು. ಆದಕಾರಣ ಮೊದಲು ಶೋಧಕಯಂತ್ರದಿಂದ ನೀರಿನಲ್ಲಿರುವ ಲವಣಗಳನ್ನೆಲ್ಲ ಕಳೆದು, ಬಳಿಕ ಲೀಟರಿಗೆ ಸುಮಾರು 35 ಗ್ರಾಮಿನಂತೆ ಸಮುದ್ರಲವಣದ ಮಿಶ್ರಣವನ್ನು ಕರಗಿಸುತ್ತಾರೆ. ಅಡುಗೆಯ ಉಪ್ಪು ಇದಕ್ಕೆ ಒದಗದು. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಮ್ಮೂ 1300 ಮಿಲಿಗ್ರಾಂ ಮೆಗ್ನೀಸಿಯಮ್ಮೂ ಇರಬೇಕಾದುದು.

ಇಷ್ಟನ್ನು ಒಮ್ಮೆ ಕೂಡಿಸಿದರೆ ಮುಗಿಯಿತೆಂದು ವಾಚಕರು ಭಾವಿಸಬಹುದು. ಕಷ್ಟವೆಲ್ಲ ಆಮೇಲೆ ಪ್ರಾರಂಭವಾಗುವುದು. ನೀರಿಗೆ ಆಮ್ಲವನ್ನು ಅರಗಿಸಿಕೊಳ್ಳುವ ಒಂದು ಶಕ್ತಿಯುಂಟು. ಅದಕ್ಕೆ ಕ್ಷಾರತೆಯೆಂದು ಹೆಸರು. ಮೀನಿನ ಕಲ್ಮಷವು ಕೊಳೆತು ಮಾರ್ಪಡುವಾಗ ಹುಟ್ಟುವ ಆಮ್ಲವು ಈ ಶಕ್ತಿಯನ್ನು ದಿನದಿನವೂ ತಿನ್ನುತ್ತದೆ. ಚಿಪ್ಪು ಕಟ್ಟುವ ಹುಳುವೂ ಸುಣ್ಣದ ಪಾಚಿಯೂ ಅದನ್ನೇ ಬಳಸುವುವು. ಕಣ್ಣಿಗೆ ನೀರು ಮೊದಲಿನಂತೆಯೇ ತಿಳಿಯಾಗಿರುವುದರಿಂದ ಒಳಗಿನ ಕೊರತೆ ಯಾರಿಗೂ ತೋರದು. ನಮ್ಮ ಮಿತ್ರರು 5 ಮಿಲಿಲೀಟರು ನೀರನ್ನು ಗಾಜಿನ ನಳಿಗೆಯಲ್ಲಿ ಹಿಡಿದು, ಅದಕ್ಕೆ ಬಣ್ಣದ ಆಮ್ಲದ್ರವವನ್ನು ಒಂದೊಂದೇ ಹನಿಯಾಗಿ ಬಿಟ್ಟು ತೋರಿಸಿದರು. ನೀಲಿಯು ಹಳದಿಗೆ ತಿರುಗುವವರೆಗೆ ಬಿದ್ದ ಹನಿಗಳೆಷ್ಟೋ ಕ್ಷಾರತೆಯ ಅಂಶಗಳೂ ಅಷ್ಟು. ಇದು ಜರ್ಮನರ ಅಳತೆ. ಹೊರಗಿನ ಸಮುದ್ರದಲ್ಲಿ ಸುಮಾರು 7 ಅಂಶ. ತೊಟ್ಟಿಗಳಲ್ಲಿ 8ರಿಂದ 9ರವರೆಗೆ ಇಡುವುದು ವಾಡಿಕೆ. ಒಂದು ಅಂಶ ಇಳಿದರೆ 200 ಲೀಟರಿಗೆ ಸುಮಾರು 6 ಗ್ರಾಂ ಅಡುಗೆ ಸೋಡವನ್ನು ಬೇರೆ ನೀರಿನಲ್ಲಿ ಕರಗಿಸಿ ಮೆಲ್ಲಗೆ ಬಿಟ್ಟರೆ ಸರಿಹೋಗುವುದು. ಒಂದು ದಿನದಲ್ಲಿ ಅದಕ್ಕಿಂತ ಹೆಚ್ಚು ಏರಿಸಲಾಗದು.

ನಿತ್ಯದ ಉಪಚಾರ ಮಾತ್ರ ಸುಣ್ಣದ ತಿಳಿಯಿಂದ. ಆವಿಯಾಗಿ ಹೋದ ನೀರಿನ ಬದಲು ಶುದ್ಧವಾದ ಸುಣ್ಣದ ತಿಳಿಯನ್ನು ರಾತ್ರಿಯೆಲ್ಲ ಹನಿಹನಿಯಾಗಿ ಬೀಳಿಸುತ್ತಾರೆ. ಇದರಿಂದ ಕ್ಯಾಲ್ಸಿಯಮ್ಮೂ ಕ್ಷಾರತೆಯೂ ಚಿಪ್ಪು ಕಟ್ಟಲು ಬೇಕಾದ ಪ್ರಮಾಣದಲ್ಲಿಯೇ ಜೊತೆಯಾಗಿ ಒದಗುವುವು. ರಾತ್ರಿ ನೀರಿನಲ್ಲಿ ಕೂಡುವ ಇಂಗಾಲಾಮ್ಲ ವಾಯುವನ್ನೂ ತಿಳಿಯು ಹೀರಿಕೊಳ್ಳುವುದು. ಮಿತ್ರರ ತಾಯಿಯವರು ಇದನ್ನು ನೋಡಿ, “ಏನಪ್ಪಾ, ಸುಣ್ಣ ಕಡಮೆಯಾದರೆ ವೀಳ್ಯಕ್ಕೆ ರುಚಿಯಿಲ್ಲ, ಹೆಚ್ಚಾದರೆ ಬಾಯಿ ಬೇಯುತ್ತದೆ. ನಿನ್ನ ಮೀನಿಗೂ ಅದೇ ನ್ಯಾಯವೇ?” ಎಂದು ಕೇಳಿದರಂತೆ. ರಸಾಯನಶಾಸ್ತ್ರವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ನಮ್ಮಿಂದಾಗದು.

ಆ ನ್ಯಾಯವು ಕಳೆದ ಬೇಸಗೆಯಲ್ಲಿ ನಿಜವಾಯಿತು. ಮನೆಯವರು ಮದುವೆಗೆಂದು ಹೋದಾಗ, ಮನೆಯಲ್ಲಿ ಉಳಿದಿದ್ದ ಹುಡುಗನು ಮೂರು ರಾತ್ರಿ ಹನಿ ಬಿಡುವುದನ್ನು ಮರೆತು, ನಾಲ್ಕನೆಯ ಬೆಳಿಗ್ಗೆ ಇದ್ದ ತಿಳಿಯನ್ನೆಲ್ಲ ಒಟ್ಟಿಗೆ ಸುರಿದನು. ತೊಟ್ಟಿಯು ಹಾಲಿನಂತೆ ಬೆಳ್ಳಗಾಯಿತು. ನಾಲ್ಕು ಮೀನುಗಳಲ್ಲಿ ಎರಡು ಸಂಜೆಯೊಳಗೆ ಸತ್ತುವು. ಸೋಜಿಗವೆಂದರೆ, ಅಷ್ಟು ಸುಣ್ಣ ಬಿದ್ದ ಮೇಲೆ ಅಳೆದಾಗ ಕ್ಷಾರತೆಯು 6 ಅಂಶಕ್ಕೆ ಇಳಿದಿತ್ತು. ಮಿತಿಮೀರಿದ ಕ್ಷಾರದಿಂದ ಕ್ಯಾಲ್ಸಿಯಂ ಕಾರ್ಬೋನೇಟು ಬಿಳಿಯ ಪುಡಿಯಾಗಿ ತಳಕ್ಕೆ ಬಿದ್ದು, ನೀರಿನಲ್ಲಿ ಮೊದಲಿದ್ದ ಬಂಡವಾಳವನ್ನೂ ತನ್ನೊಡನೆ ಒಯ್ದಿತ್ತು. ಹೊಸ ನೀರನ್ನು ಸ್ವಲ್ಪಸ್ವಲ್ಪವಾಗಿ ಬದಲಿಸಿ ಮೊದಲಿನ ಸ್ಥಿತಿಗೆ ತರಲು ಮೂರು ವಾರ ಹಿಡಿಯಿತು. ಈಗ ಸುಣ್ಣದ ಪಾತ್ರೆಯನ್ನು ಎತ್ತರದ ಗೂಡಿನಲ್ಲಿಟ್ಟಿದ್ದಾರೆ. ಕಣ್ಣಿಗೆ ಸಿಡಿದರೆ ಅಪಾಯವಾದುದರಿಂದ ಮಕ್ಕಳಿರುವ ಮನೆಗೆ ಅದು ಹೇಗೂ ಅವಶ್ಯ.

ಇಷ್ಟೆಲ್ಲ ಏರ್ಪಾಡಿದ್ದೂ ಹವಳವನ್ನೇಕೆ ಇಟ್ಟಿಲ್ಲವೆಂದು ಕೇಳಿದೆವು. ಬಂಡೆ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿರುವುದರಿಂದ ನಮ್ಮ ಕಡಲಿನಿಂದ ಅವನ್ನು ಕಿತ್ತು ತರುವಂತಿಲ್ಲ. ಹವಳವನ್ನು ನೋಡಬೇಕಾದವರು ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರು ಹೋಗಿ, ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯಬೇಕು. ಅಲ್ಲಿಯೂ ಲೆಕ್ಕ ಇದೇ. ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟು ನಾವು ಬಿಡುವ ಇಂಗಾಲಾಮ್ಲದ ಒಂದು ಪಾಲನ್ನು ಸಮುದ್ರವು ಕುಡಿಯುತ್ತಿದೆ; ಯಂತ್ರಯುಗಕ್ಕೆ ಮೊದಲು ಸುಮಾರು 8.2 ಇದ್ದ ಅದರ ಮೇಲ್ನೀರಿನ ಪಿ.ಎಚ್. ಈಗ 8.1ರ ಸುಮಾರಿಗೆ ಇಳಿದಿದೆ. ಅಂಕೆ ಚಿಕ್ಕದಾದರೂ, ಅದರಿಂದ ಚಿಪ್ಪು ಕಟ್ಟುವ ಜೀವಿಗಳಿಗೆ ದೊರೆಯುವ ಕಾರ್ಬೋನೇಟು ಕಡಮೆಯಾಗುತ್ತದೆ. ಪಡಸಾಲೆಯ ತೊಟ್ಟಿಗಾದರೆ ಕಿಟಕಿ ತೆರೆದು ಬೆಟ್ಟದ ಗಾಳಿ ಬಿಟ್ಟರೂ ಸ್ವಲ್ಪ ಉಪಶಮನವುಂಟು.

ಮೈಸೂರಿಗೆ ಬರುವವರು ಸಿದ್ಧಾರ್ಥನಗರದ ವಸ್ತುಸಂಗ್ರಹಾಲಯವನ್ನೂ ಕೆರೆಯನ್ನೂ ಒಂದೇ ಹೊತ್ತಿನಲ್ಲಿ ನೋಡಿ ಮುಗಿಸಬಹುದು. ಕಾರಂಜಿಕೆರೆಯ ಉದ್ಯಾನಕ್ಕೆ ಮಂಗಳವಾರ ರಜೆ.