ಕಾಶಿಯಲ್ಲಿ ಕಾಲ್ನಡಿಗೆಯ ಮೊದಲ ದಿನ

ಕಾಶಿಯನ್ನು ಕುರಿತು ನಾವು ಪಾಠ ಹೇಳಿದ್ದು ಮೂವತ್ತು ವರ್ಷ. ಅದರ ನೆಲವನ್ನು ಮೆಟ್ಟಿದ್ದು 2024ರ ಫೆಬ್ರವರಿಯಲ್ಲಿ. ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತು, ಬಳಿಕ ಚನ್ನರಾಯಪಟ್ಟಣದಲ್ಲಿ ಅಧ್ಯಾಪನ ನಡೆಸಿದ ನಮಗೆ ಆ ಊರಿನ ಘಾಟುಗಳ ಹೆಸರುಗಳು ಬಾಯಿಪಾಠವಾಗಿದ್ದವು. ಹೋಗುವ ಮನಸ್ಸು ಮಾತ್ರ ಮಾಡಿರಲಿಲ್ಲ. ಅಂಗೈಯಲ್ಲಿ ಇಷ್ಟಲಿಂಗವಿರುವಾಗ ಕ್ಷೇತ್ರಗಳನ್ನು ಸುತ್ತುವುದೇಕೆಂಬುದು ನಮ್ಮ ವಾದ. ನಮ್ಮ ತಾಯಿಯವರು ಕಾಶಿಯ ಮಾತೆತ್ತಿದಾಗಲೆಲ್ಲ ಶರಣರ ನಿಲುವನ್ನು ವಿವರಿಸಿ ಅವರ ಬಾಯಿ ಕಟ್ಟುತ್ತಿದ್ದೆವು. "ನಿನ್ ಮಾತು ಸರಿ ಕಣಪ್ಪ. ಪುಣ್ಯ ಯಾರಿಗ್ ಬೇಕು? ಆ ಗಂಗೆ ಹೆಂಗ್ ಹರೀತಾಳೆ ಅಂತ ಒಂದ್ಸಲ ನೋಡ್ಬೇಕಿತ್ತು, ಅಷ್ಟೆ" ಎಂದು ಒಮ್ಮೆ ಅಂದರು. ಹೇಮಾವತಿಯ ಹೊರತು ಬೇರೊಂದು ಹೊಳೆಯನ್ನು ಕಂಡವರಲ್ಲ ಅವರು. ಮುಂದಿನ ವರ್ಷ ನೋಡೋಣವೆಂದೆವು. ಆ ವರ್ಷ ಬರುವುದರೊಳಗೆ ಲಿಂಗೈಕ್ಯರಾದರು.

ನಾವು ಇಳಿದುಕೊಂಡದ್ದು ಜಂಗಮವಾಡಿ ಮಠದಲ್ಲಿ. ಪಂಚಪೀಠಗಳಲ್ಲೊಂದಾದ ಕಾಶೀಪೀಠದ ನೆಲೆಯಿದು. ಅಕ್ಬರ, ಔರಂಗಜೇಬ ಮೊದಲಾದ ಮೊಗಲ ದೊರೆಗಳು ಕೊಟ್ಟ ಫರ್ಮಾನುಗಳನ್ನು ಇಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಆದರೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಲಿಂಗಗಳು. ಅಗಲಿದವರ ಹೆಸರಿನಲ್ಲಿ ಭಕ್ತರು ಸ್ಥಾಪಿಸಿದ ಸಾವಿರಾರು ಲಿಂಗಗಳು ಗೋಡೆಯ ಬದಿ, ಅಂಗಳ, ಮೂಲೆಗಳನ್ನೆಲ್ಲ ತುಂಬಿವೆ. "ತಮ್ಮದೇನಾದರೂ ಸ್ಥಾಪನೆ ಇದೆಯೇ?" ಎಂದು ಅಲ್ಲಿಯವರು ಕನ್ನಡದಲ್ಲಿಯೇ ಕೇಳಿದರು. ಸಂಜೆ ತಿಳಿಸುತ್ತೇವೆಂದು ಹೇಳಿ ಹೊರಬಿದ್ದೆವು. ವಿಶ್ವನಾಥನ ದರ್ಶನವನ್ನು ಮರುದಿನಕ್ಕೆ ಇಟ್ಟುಕೊಂಡು, ರಿಕ್ಷಾದವರ ಕರೆಗೆ ಕಿವಿಗೊಡದೆ ಗೋದೌಲಿಯಾ ವೃತ್ತದ ಜನಜಂಗುಳಿಯನ್ನು ದಾಟಿ ದಶಾಶ್ವಮೇಧ ಘಾಟಿಗೆ ನಡೆದೆವು.

ಅಲ್ಲಿಂದ ದಕ್ಷಿಣಕ್ಕೆ ಮೆಟ್ಟಿಲುಗಳ ಮೇಲೆಯೇ ದಾರಿ. ಬಲಕ್ಕೆ ಕೋಟೆಯಂತಹ ಹಳೆಯ ಕಟ್ಟಡಗಳು. ಎಡಕ್ಕೆ ನದಿ, ಅದರಾಚೆ ಬರಿಯ ಮರಳು. ಊರೆಲ್ಲ ಒಂದೇ ದಡದಲ್ಲಿ ಒತ್ತೊತ್ತಾಗಿ ಕುಳಿತು ಎದುರು ದಡವನ್ನು ಸೂರ್ಯನಿಗೆ ಬಿಟ್ಟುಕೊಟ್ಟಂತಿದೆ. ಅಹಲ್ಯಾಬಾಯಿ ಘಾಟ್, ದರ್ಭಂಗಾ ಘಾಟ್, ಕೆಂಪು ಬಿಳಿ ಪಟ್ಟೆಯ ಕೇದಾರ ಘಾಟ್ ಇವುಗಳನ್ನು ದಾಟಿ ಬಂದಾಗ ಹೊಗೆ ಕಾಣಿಸಿತು. ಹರಿಶ್ಚಂದ್ರ ಘಾಟ್!

ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ನಾವು ಎಷ್ಟು ತರಗತಿಗಳಿಗೆ ಬೋಧಿಸಿದ್ದೇವೆಯೋ ಲೆಕ್ಕವಿಲ್ಲ. ವೀರಬಾಹುಕನ ಆಳಾದ ಅರಸ, ಮಗನ ಶವವನ್ನು ಹೊತ್ತು ಬಂದ ಚಂದ್ರಮತಿ, ಇವರನ್ನು ವಿವರಿಸುವಾಗ ನಮ್ಮ ಮನಸ್ಸಿನಲ್ಲಿದ್ದುದು ಊರಾಚೆಯ ನಿರ್ಜನವಾದ ಸ್ಮಶಾನ. ಇಲ್ಲಿಯದು ಹಾಗಲ್ಲ. ಎರಡು ಚಿತೆಗಳು ಉರಿಯುತ್ತಿದ್ದವು. ಹತ್ತು ಮಾರು ದೂರದಲ್ಲಿ ಒಬ್ಬ ಚಹಾ ಕಾಯಿಸುತ್ತಿದ್ದ, ಹುಡುಗರು ಗಾಳಿಪಟ ಹಾರಿಸುತ್ತಿದ್ದರು. ನಮ್ಮಲ್ಲಿ ಸಮಾಧಿಯ ಪದ್ಧತಿಯಾದ್ದರಿಂದ ಅಷ್ಟು ಹತ್ತಿರದಿಂದ ಚಿತೆಯನ್ನು ನೋಡಿದ್ದು ಅದೇ ಮೊದಲು. ಬೆಂಕಿಗಿಂತ ನಮ್ಮನ್ನು ಕಲಕಿದ್ದು ಪಕ್ಕದಲ್ಲಿ ನಿಂತಿದ್ದ ಒಬ್ಬ ನಡುವಯಸ್ಸಿನವನು. ಅವನು ಅಳುತ್ತಿರಲಿಲ್ಲ. ಬಿದಿರಿನ ಚಟ್ಟಕ್ಕೆ ಕಟ್ಟಿದ್ದ ಹಗ್ಗವನ್ನು ಬಿಚ್ಚಿ, ಮಡಿಸಿ, ಎಲ್ಲಿಡುವುದೆಂದು ತೋಚದೆ ಕೈಯಲ್ಲೇ ಹಿಡಿದುಕೊಂಡಿದ್ದ. ಮೂವತ್ತು ವರ್ಷದ ಪಾಠದಲ್ಲಿ ನಾವು ಇಂಥದೊಂದನ್ನು ಹೇಳಿದ ನೆನಪಿಲ್ಲ.

ಅದರ ಪಕ್ಕದಲ್ಲೇ ಕರ್ನಾಟಕ ಘಾಟ್. ಮೈಸೂರು ಸಂಸ್ಥಾನದ ಕಾಲದ್ದು. ಕಾಲು ಸೋತಿತ್ತು, ಮೆಟ್ಟಿಲ ಮೇಲೆ ಕುಳಿತೆವು. ಯಾರೋ ಬಿಟ್ಟ ಚೆಂಡುಹೂ ನೀರಿನ ಮೇಲೆ ಬರುತ್ತಿತ್ತು. ಬಲಗಡೆಯಿಂದ ಬಂದು ನಮ್ಮ ಮುಂದೆ ಹಾದು ಎಡಕ್ಕೆ, ಅಂದರೆ ಉತ್ತರಕ್ಕೆ ಹೋಯಿತು. ಕಾಶಿಯಲ್ಲಿ ಗಂಗೆ ಉತ್ತರವಾಹಿನಿ ಎಂದು ಹೇಳಿದವರೇ ನಾವು. ಆದರೂ ಬೆಳಗಿನಿಂದ ಪ್ರವಾಹಕ್ಕೆ ಎದುರಾಗಿ ನಡೆಯುತ್ತಿದ್ದೇವೆಂಬುದು ಆ ಹೂವನ್ನು ಕಾಣುವವರೆಗೆ ಹೊಳೆದಿರಲಿಲ್ಲ. ಇನ್ನೊಂದು ಹೂ ಬಂತು, ಮತ್ತೊಂದು ಬಂತು. ಎಷ್ಟು ಹೊತ್ತು ಕುಳಿತಿದ್ದೆವೋ ತಿಳಿಯದು.

ಹಿಂದಿರುಗುವಾಗ ಬಂಗಾಲಿ ಟೋಲಾದ ಗಲ್ಲಿಗಳಲ್ಲಿ ದಾರಿ ತಪ್ಪಿತು. ಒಂದು ಗೂಳಿ ಅಡ್ಡನಿಂತರೆ ಮುಚ್ಚಿಹೋಗುವ ಓಣಿಗಳು ಅವು. ನಮ್ಮ ಹಿಂದಿ ಅಷ್ಟಕ್ಕಷ್ಟೆ. ಸಂಸ್ಕೃತದ ಪದಗಳನ್ನು ಪೋಣಿಸಿ ಮಾರ್ಗ ಕೇಳಿದರೆ ಜನ ಕೈಮುಗಿದು ಹೊರಟುಹೋಗುತ್ತಿದ್ದರು, ಉತ್ತರ ಹೇಳುತ್ತಿರಲಿಲ್ಲ! ಹೇಳಿದ ಕೆಲವರು "ಸೀಧಾ, ಸೀಧಾ" ಎಂದರು. ಹತ್ತು ಹೆಜ್ಜೆ ನೇರವಾಗಿರುವ ಗಲ್ಲಿಯೇ ಅಲ್ಲಿಲ್ಲ. ಕಡೆಗೆ ಮೊಸರು ಮಾರುವ ಮುದುಕಿಯೊಬ್ಬಳು, ನಮ್ಮ ಹಣೆಯ ವಿಭೂತಿಯನ್ನು ನೋಡಿ "ಜಂಗಮಬಾಡಿ?" ಎಂದು ತಾನೇ ಕೇಳಿದಳು. ಅಂಗಡಿಯನ್ನು ಮೊಮ್ಮಗನಿಗೆ ಒಪ್ಪಿಸಿ, ಗೋದೌಲಿಯಾದ ರಸ್ತೆ ಕಾಣುವವರೆಗೆ ನಮ್ಮ ಮುಂದೆ ಕೋಲೂರಿಕೊಂಡು ನಡೆದಳು. ಹಣ ಕೊಡಹೋದರೆ ಗದರಿಸಿದಳು.

ಮಠಕ್ಕೆ ಬಂದು ತಾಯಿಯವರ ಹೆಸರನ್ನು ಬರೆಸಿದೆವು. ವಾದವನ್ನೇನೂ ಬಿಟ್ಟಿಲ್ಲ, ಆದರೂ ಬರೆಸಿದೆವು.

ರಾತ್ರಿ ಊರಿನಿಂದ ತಂಗಿ ದೂರವಾಣಿ ಮಾಡಿದಳು. ತಾಯಿಯವರು ಕಡೆಯ ದಿನಗಳನ್ನು ಕಳೆದದ್ದು ಅವಳ ಮನೆಯಲ್ಲಿ. ಊಟವಾಯಿತೇ, ಚಳಿ ಇದೆಯೇ ಎಂದೆಲ್ಲ ವಿಚಾರಿಸಿ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ, "ಗಂಗೆ ಹೆಂಗ್ ಹರೀತಾಳಣ್ಣಾ?" ಎಂದಳು.

"ಮೆಲ್ಲಗೆ ಕಣವ್ವ. ಮೆಟ್ಟಿಲ ಮೇಲೆ ಕೂತರೆ, ಎಡಗೈ ಕಡೆಗೆ."