ಎರಡನೆಯ ಕೆಲಸ

ಬೆಂಗಳೂರಿನ ಬಿಟಿಎಂ ಲೇಔಟ್, ಮಾರತಹಳ್ಳಿಯ ಕಡೆ ಓಡಾಡುವವರಿಗೆ ಆ ಬೋರ್ಡುಗಳು ಗೊತ್ತು. ಕೆಳಗೆ ಬೇಕರಿ, ಮೇಲಿನ ಮಹಡಿಯಲ್ಲಿ ತರಬೇತಿ ಕೇಂದ್ರ, ಕಿಟಕಿಗೆ ಅಡ್ಡಲಾಗಿ ಬ್ಯಾನರ್: ಜಾವಾ, ಪೈಥಾನ್, ಟೆಸ್ಟಿಂಗ್, ಡೇಟಾ ಸೈನ್ಸ್. ಕೆಲವೇ ತಿಂಗಳ ಕೋರ್ಸ್, ಜತೆಗೆ ಪ್ಲೇಸ್‌ಮೆಂಟಿನ ಭರವಸೆ. ಹಾವೇರಿ, ರಾಯಚೂರು, ಚಿತ್ರದುರ್ಗದಿಂದ ಬಿಇ, ಬಿಸಿಎ ಮುಗಿಸಿ ಬಂದ ಮಕ್ಕಳು ಅಕ್ಕಪಕ್ಕದ ಪಿಜಿಗಳಲ್ಲಿದ್ದುಕೊಂಡು ಬೆಳಗ್ಗೆ ಕ್ಲಾಸಿಗೆ ಹೋಗುತ್ತಾರೆ, ರಾತ್ರಿ ಸಂದರ್ಶನದ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡುತ್ತಾರೆ. ಬೋರ್ಡಿನ ಮೇಲಿನ ಹೆಸರುಗಳು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತವೆ. ಮಹಡಿ ಹತ್ತುವ ಮಕ್ಕಳ ಅವಸರ ಮಾತ್ರ ಬದಲಾಗಿಲ್ಲ.

ಆ ಅವಸರವನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ, ಪದವಿ ಪಡೆದ ಯುವಜನರಲ್ಲಿ 2022ರಲ್ಲಿ ನಿರುದ್ಯೋಗದ ಪ್ರಮಾಣ ಶೇ 29.1. ಓದು ಬರಹ ಬಾರದ ಯುವಜನರಲ್ಲಿ ಅದು ಶೇ 3.4. ಓದದವರು ಸಿಕ್ಕ ಕೂಲಿಗೆ ಹೋಗಲೇಬೇಕು, ಓದಿದವರು ತಕ್ಕ ಕೆಲಸಕ್ಕಾಗಿ ಕಾಯುತ್ತಾರೆ ಎಂಬುದು ಇದಕ್ಕೆ ಒಂದು ಕಾರಣ. ಆದರೆ ಕಾಯುವುದಕ್ಕೂ ಖರ್ಚಿದೆ. ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಆರಂಭಿಸಿದ ಯುವನಿಧಿ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಹೆಚ್ಚೆಂದರೆ ಎರಡು ವರ್ಷ ಕೊಡುತ್ತದೆ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆಗೇ ಅದು ಸಾಲದು. ಇಂಥ ಹೊತ್ತಿನಲ್ಲಿ ‘ನಾಳೆಯೇ ಕೆಲಸಕ್ಕೆ ಬರುವುದನ್ನು ಹೇಳಿಕೊಡಿ, ಉಳಿದದ್ದು ಆಮೇಲೆ’ ಎಂದು ಮಕ್ಕಳು ಕೇಳಿದರೆ ಅದು ನ್ಯಾಯವೇ.

ಆ ‘ಆಮೇಲೆ’ ಬರುತ್ತದೆಯೇ ಎಂಬುದು ಮಾತ್ರ ಯೋಚಿಸಬೇಕಾದ ವಿಷಯ.

1990ರ ದಶಕದ ಕೊನೆಯಲ್ಲಿ ಇದೇ ಬೋರ್ಡುಗಳ ಮೇಲೆ ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೆಸರಿತ್ತು. ಹಳೆಯ ಕಂಪ್ಯೂಟರುಗಳಲ್ಲಿ ಜಾಗ ಉಳಿಸಲು ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಡುತ್ತಿದ್ದರು. 2000 ಬಂದರೆ ಯಂತ್ರ ಅದನ್ನು 1900 ಎಂದು ಓದಿಬಿಡಬಹುದೆಂದು ಅಮೆರಿಕ, ಯುರೋಪಿನ ಬ್ಯಾಂಕುಗಳೂ ವಿಮಾ ಕಂಪನಿಗಳೂ ಹೆದರಿದವು. ಲಕ್ಷಾಂತರ ಸಾಲುಗಳ ಪ್ರೋಗ್ರಾಮುಗಳಲ್ಲಿ ದಿನಾಂಕ ಹುಡುಕಿ ತಿದ್ದುವ ಕೈಗಳು ಬೇಕಾದವು, ಭಾರತದ ಸಾಫ್ಟ್‌ವೇರ್ ಉದ್ಯಮ ಆ ಕೈಗಳನ್ನು ಒದಗಿಸಿ ಬೆಳೆಯಿತು. 2000 ಬಂತು, ಹೋಯಿತು. ಅದೇ ವರ್ಷ ಅಮೆರಿಕದ ಷೇರು ಮಾರುಕಟ್ಟೆ ಕುಸಿಯತೊಡಗಿತು. ದಿನಾಂಕ ತಿದ್ದುವುದಷ್ಟನ್ನೇ ಕಲಿತಿದ್ದವರಿಗೆ ತಿದ್ದಲು ಏನೂ ಉಳಿಯಲಿಲ್ಲ. ಆ ಪ್ರೋಗ್ರಾಮು ಬಡ್ಡಿಯನ್ನು ಹೇಗೆ ಲೆಕ್ಕ ಹಾಕುತ್ತದೆ, ದಿನದ ಕೊನೆಗೆ ಬ್ಯಾಂಕಿನ ಖಾತೆಗಳು ಹೇಗೆ ತಾಳೆಯಾಗುತ್ತವೆ ಎಂದು ತಿದ್ದುತ್ತಲೇ ಅರಿತವರ ಪಾಡು ಬೇರೆ. ಜಗತ್ತಿನ ಎಷ್ಟೋ ಬ್ಯಾಂಕುಗಳ ಬೆನ್ನೆಲುಬು ಇಂದಿಗೂ ಕೋಬಾಲ್, ಅದನ್ನು ಹೊಸ ವ್ಯವಸ್ಥೆಗೆ ಸಾಗಿಸಲು ಬ್ಯಾಂಕಿನ ಒಳಹೊರಗು ಬಲ್ಲವರೇ ಬೇಕು.

ಕನ್ನಡದ ಅಚ್ಚುಮನೆಗಳಲ್ಲಿ ಇದೇ ಕಥೆ ಇನ್ನೂ ನಿಚ್ಚಳ. ಮೊಳೆ ಜೋಡಿಸುವವನ ಎದುರು ಓರೆಯಾಗಿ ನಿಲ್ಲಿಸಿದ ಮರದ ಕೇಸು, ಅದರ ತುಂಬ ಪುಟ್ಟ ಪುಟ್ಟ ಮನೆಗಳು. ಇಂಗ್ಲಿಷಿಗೆ ಅಷ್ಟು ಮನೆ ಬೇಡ. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ, ಅರ್ಕಾವತ್ತು ಎಂದು ಮೊಳೆಗಳ ಸಂಸಾರವೇ ದೊಡ್ಡದು. ಎಡಗೈಯಲ್ಲಿ ಸ್ಟಿಕ್ಕು, ಕಣ್ಣು ಹಸ್ತಪ್ರತಿಯ ಮೇಲೆ. ಬಲಗೈ ನೋಡದೆಯೇ ಮನೆಯಿಂದ ಮನೆಗೆ ಹೋಗಿ ಅಕ್ಷರ ಹೆಕ್ಕಬೇಕು. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತದೆ. ಅಚ್ಚು ಮುಗಿದ ಮೇಲೆ ಪುಟ ಬಿಚ್ಚಿ, ಒಂದೊಂದು ಮೊಳೆಯನ್ನೂ ಅದರದರ ಮನೆಗೆ ಮರಳಿ ಹಾಕಬೇಕು. ಬೆರಳಿಗೆ ಆ ವೇಗ ಬರಲು ವರ್ಷಗಳೇ ಬೇಕು. ಡಿಟಿಪಿ ಬಂದಾಗ ಆ ವೇಗವನ್ನು ಕೇಳುವವರೇ ಇಲ್ಲವಾದರು. ಮೊಳೆಗಳು ಸೀಸದ ತೂಕಕ್ಕೆ ಹೋದವು.

ಆದರೆ ಜೋಡಿಸುತ್ತಿದ್ದುದನ್ನು ಓದುತ್ತಲೂ ಇದ್ದ ಕಂಪೋಸಿಟರುಗಳಿದ್ದರು. ಸಂಧಿ ಎಲ್ಲಿ ತಪ್ಪಿದೆ, ಅಲ್ಪಪ್ರಾಣ ಎಲ್ಲಿ ಮಹಾಪ್ರಾಣವಾಗಿದೆ, ಪುಟದ ಕೊನೆಯಲ್ಲಿ ಒಂಟಿ ಸಾಲು ಉಳಿದರೆ ಏಕೆ ಚೆನ್ನಾಗಿರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅಂಥವರು ಪೇಜ್‌ಮೇಕರ್ ಕಲಿತು ಪುಟ ಕಟ್ಟಿದರು, ಕರಡು ತಿದ್ದಲು ಕೂತರು. ಶ್ರೀಲಿಪಿ ತಂತ್ರಾಂಶ ಹೋಗಿ ನುಡಿ ಬಂದಾಗಲೂ, ಅದೂ ಹಿಂದಾಗಿ ಯುನಿಕೋಡ್ ಬಂದಾಗಲೂ ಕಲಿಯಬೇಕಾಗಿದ್ದುದು ಹೊಸ ಕೀಲಿಗಳನ್ನಷ್ಟೇ. ಭಾಷೆ ಮೊದಲೇ ಕೈಯಲ್ಲಿತ್ತು. ಅದನ್ನು ಯಾವ ಮಾಲೀಕನೂ ಅವರಿಗೆ ತರಬೇತಿ ಕೊಟ್ಟು ಕಲಿಸಿದ್ದಲ್ಲ, ಅದಕ್ಕೆಂದು ಸಂಬಳ ಹೆಚ್ಚು ಕೊಟ್ಟಿದ್ದೂ ಅಪರೂಪ.

ಇಂದು ಕನ್ನಡದಲ್ಲಿ ಟೈಪಿಸುವ ಅನೇಕರು ಬಳಸುವ ಕೀಲಿಮಣೆಯ ಹಿಂದೆಯೂ ಇಂಥದೇ ಒಂದು ಮನಸ್ಸಿದೆ. ಅದನ್ನು ರೂಪಿಸಿದ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು ಒಂದೇ ಕಸುಬಿಗೆ ಕಟ್ಟಿಕೊಂಡ ಬದುಕಲ್ಲ. ಮುಂಬೈನಲ್ಲಿ ವಿಜ್ಞಾನ ಸಂಸ್ಥೆಯ ಒಡನಾಟ, ಮುದ್ರಣೋದ್ಯಮದ ಕೆಲಸ, ಸಿಂಧೂ ಲಿಪಿಯ ಕುತೂಹಲ, ಭಾಷಾವಿಜ್ಞಾನ ಎಲ್ಲವೂ ಅದರಲ್ಲಿ ಸೇರಿದ್ದವು. ಹಳೆಯ ಟೈಪ್‌ರೈಟರ್ ಅಕ್ಷರದ ಚೂರುಗಳನ್ನು ಒಂದೊಂದು ಕೀಲಿಗೆ ಹಂಚಿತ್ತು. ರಾವ್ ಅವರು ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿದರು. ವ್ಯಂಜನದ ಮುಂದೆ ಸ್ವರ ಒತ್ತಿದರೆ ಕಾಗುಣಿತ, ನಡುವೆ ಕೊಂಡಿಯ ಕೀಲಿಯೊಂದನ್ನು ಒತ್ತಿದರೆ ಒತ್ತಕ್ಷರ. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ವರ್ಣಮಾಲೆ ಕೂತಿತು, ಸರ್ಕಾರವೂ ಅದನ್ನೇ ಒಪ್ಪಿಕೊಂಡಿತು. ಟೈಪಿಂಗ್ ತರಬೇತಿಯಷ್ಟರಿಂದ ಈ ಉಪಾಯ ಹೊಳೆಯುವುದಲ್ಲ, ಬರೀ ಕೋಡಿಂಗ್ ತರಬೇತಿಯಿಂದಲೂ ಅಲ್ಲ. ಲಿಪಿ ಎಂದರೇನೆಂದು ಬಹುಕಾಲ ಯೋಚಿಸಿದವರಿಗೆ ಅದು ಹೊಳೆದದ್ದು ಸಹಜ.

ಅಸಾಮಾನ್ಯರೊಬ್ಬರ ಉದಾಹರಣೆಯಿಂದ ಎಲ್ಲರಿಗೂ ನೀತಿ ಹೇಳುವುದು ಸರಿಯಲ್ಲ ಎನ್ನುವವರಿಗೆ ಅಧ್ಯಯನಗಳೂ ಇವೆ. ಅರ್ಥಶಾಸ್ತ್ರಜ್ಞ ಎರಿಕ್ ಹನುಶೆಕ್ ಮತ್ತು ಸಂಗಡಿಗರು ಹನ್ನೊಂದು ದೇಶಗಳ ಮಾಹಿತಿಯನ್ನು ಜಾಲಾಡಿ 2017ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವೃತ್ತಿಶಿಕ್ಷಣ ಪಡೆದವರಿಗೆ ಮೊದಲ ಕೆಲಸ ಬೇಗ ಸಿಗುತ್ತದೆ, ಇದು ದಿಟ. ವಯಸ್ಸಾದಂತೆ ಆ ಮೇಲುಗೈ ಕರಗುತ್ತ ಹೋಗಿ, ಐವತ್ತರ ಆಸುಪಾಸಿನಲ್ಲಿ ಸಾಮಾನ್ಯ ಶಿಕ್ಷಣ ಪಡೆದವರೇ ಹೆಚ್ಚಾಗಿ ಕೆಲಸದಲ್ಲಿ ಉಳಿದಿರುತ್ತಾರೆ. ಡೆನ್ಮಾರ್ಕ್, ಜರ್ಮನಿ, ಸ್ವಿಟ್ಜರ್ಲೆಂಡಿನಂತೆ ಕಸುಬಿನ ತರಬೇತಿಗೆ ಹೆಸರಾದ ನಾಡುಗಳಲ್ಲೇ ಇದು ಎದ್ದು ಕಾಣುತ್ತದೆ. ಐವತ್ತರ ಹೊತ್ತಿಗೆ ಮಗಳ ಮದುವೆ, ಮನೆಯ ಸಾಲ, ತಂದೆ ತಾಯಿಯ ಆಸ್ಪತ್ರೆ ಎಲ್ಲವೂ ಒಟ್ಟಿಗೆ ಬಂದು ನಿಂತಿರುತ್ತವೆ. ಕೆಲಸ ಹೋಗಬಾರದ ವಯಸ್ಸು ಅದು.

ಹಾಗೆಂದು ಬಿಎ ಓದಿದವರಿಗೆಲ್ಲ ವಿಶಾಲ ತಿಳಿವಳಿಕೆ ಬಂದಿದೆ ಎನ್ನಲಾಗದು. ಪರೀಕ್ಷೆಯ ಹಿಂದಿನ ವಾರ ಗೈಡ್ ಕೊಂಡು, ಐದು ಪ್ರಶ್ನೆಗಳನ್ನು ಉರು ಹೊಡೆದು ಪಡೆದ ಇತಿಹಾಸದ ಪದವಿ, ಮೂರು ತಿಂಗಳ ಟೆಸ್ಟಿಂಗ್ ಕೋರ್ಸಿಗಿಂತಲೂ ಇಕ್ಕಟ್ಟು. ಗ್ರಾಮೀಣ ಭಾಗದ ಎಷ್ಟೋ ಪದವಿ ಕಾಲೇಜುಗಳನ್ನು ಅತಿಥಿ ಉಪನ್ಯಾಸಕರೇ ನಡೆಸುತ್ತಿರುವಾಗ, ಗ್ರಂಥಾಲಯಕ್ಕೆ ಬೀಗ ಬಿದ್ದಿರುವಾಗ ಮಕ್ಕಳನ್ನು ದೂರಿ ಫಲವೇನು?

ನಿಜವಾಗಿ ನೋಯಿಸುವ ಸಂಗತಿ ಬೇರೆಯದು. ಅನುಕೂಲವಂತರ ಮಕ್ಕಳಿಗೆ ಎರಡೂ ಸಿಗುತ್ತವೆ: ಮನೆಯಲ್ಲಿ ಪುಸ್ತಕ, ಶಾಲೆಯಲ್ಲಿ ಚರ್ಚೆ, ಬೇಕೆಂದಾಗ ಕೋರ್ಸು. ಬಡವರ ಮಕ್ಕಳಿಗೆ ‘ನಿನಗೆ ಕೌಶಲ ಸಾಕು’ ಎಂದು ಮೊದಲೇ ತೀರ್ಪು ಕೊಟ್ಟಿರುತ್ತೇವೆ. ಕೈಗಾರಿಕೆ ಎಂದ ಕೂಡಲೇ ನಾವು ನೆನೆಯುವ ವಿಶ್ವೇಶ್ವರಯ್ಯನವರು ಬಡತನದಲ್ಲೇ ಬೆಳೆದವರು. ಪಾಠ ಹೇಳಿ ಖರ್ಚು ತೂಗಿಸಿಕೊಳ್ಳುತ್ತ 1881ರಲ್ಲಿ ಬಿಎ ಮುಗಿಸಿ, ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಎಂಜಿನಿಯರಿಂಗ್ ಓದಲು ಹೋದರು. ಆ ಬಿಎ ಅವರಿಗೆ ದಂಡವಾಯಿತೆಂದು ಯಾರೂ ಹೇಳಿಲ್ಲ. ಅವರು ದಿವಾನರಾಗಿದ್ದಾಗಲೇ ಮೈಸೂರು ಸಂಸ್ಥಾನ 1916ರಲ್ಲಿ ವಿಶ್ವವಿದ್ಯಾಲಯವನ್ನೂ 1917ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ಕಂಡಿತು.

ಎಲ್ಲರೂ ಮೊದಲು ಬಿಎ ಓದಬೇಕೆಂದು ಇದರ ಅರ್ಥವಲ್ಲ. ಕಸುಬಿನೊಳಗೇ ತಿಳಿವಳಿಕೆಯ ದಾರಿಗಳಿವೆ. ಐಟಿಐ ಪಠ್ಯಕ್ರಮದಲ್ಲಿ ಪ್ರಾಯೋಗಿಕ ಪಾಠದ ಜತೆಗೆ ವರ್ಕ್‌ಶಾಪಿನ ಲೆಕ್ಕ ಮತ್ತು ವಿಜ್ಞಾನ ಎಂಬ ಭಾಗವೊಂದಿದೆ. ಸೂತ್ರ ಬರೆಸಿ ಮುಗಿಸಿದರೆ ಆ ಪೀರಿಯಡ್ ಅಲ್ಲಿಗೇ ಮುಗಿಯಿತು. ಲೇತಿನಿಂದ ಆಗಷ್ಟೇ ತೆಗೆದ ಶಾಫ್ಟನ್ನು ಬಿಸಿಯಿರುವಾಗ ಒಮ್ಮೆ, ತಣಿದ ಮೇಲೆ ಒಮ್ಮೆ ಮೈಕ್ರೋಮೀಟರಿನಿಂದ ಅಳೆಸಿ, ಎರಡು ಅಳತೆ ಏಕೆ ಬಂತು ಎಂದು ಕೇಳಿದರೆ ಮಾತು ಲೋಹದ ಹಿಗ್ಗುವಿಕೆಗೆ ಹೋಗುತ್ತದೆ. ಅಲ್ಲಿಂದ ರೈಲು ಹಳಿಯ ನಡುವಿನ ಸಂದಿಗೆ, ಸೇತುವೆಯ ಜಾಯಿಂಟಿಗೆ, ಕಾರ್ಖಾನೆ ಆ ಶಾಫ್ಟನ್ನು ಏಕೆ ವಾಪಸು ಕಳಿಸಿತು ಎಂಬಲ್ಲಿಗೆ ಬರುತ್ತದೆ. ಇದಕ್ಕೆ ಹೊಸ ಯೋಜನೆ ಬೇಡ, ಹೊಸ ಕಟ್ಟಡವೂ ಬೇಡ. ಖಾಲಿ ಹುದ್ದೆಗಳನ್ನು ತುಂಬಿ, ಹೀಗೆ ಕೇಳಬಲ್ಲ ಬೋಧಕರಿಗೆ ಕಾಯಂ ಕೆಲಸ ಕೊಟ್ಟರೆ, ಮುಂದಿನ ಬ್ಯಾಚಿನಿಂದಲೇ ಶುರು ಮಾಡಬಹುದು.